ಉಲ್ಟಾ ಮೂರು, ನೇರ ಸಾಲು

‘ಅಣ್ಣಾ, ಇವ ಮೂರು ಉಲ್ಟಾ ಬರೀಲಾಕತ್ಯಾನ. ನಿನ್ನೆ ಅಡಗಿ ಮನಿ ಗ್ವಾಡಿ ಮ್ಯಾಲ ಇದ್ಲಿಲೆ ತನ್ನ ಹೆಸರು ಬರದಾನ, ಅದೂ ಪೂರಾ ಉಲ್ಟಾ. ಆ ಪಿಚ್ಚರ್‌ದಾಗಿನ ಹುಡುಗ ಹಿಂಗೇ ಬರೀತಿದ್ನಲ್ಲ?’

ಹುಮನಾಬಾದಿನಿಂದ ತಂಗಿ ಫೋನ್ ಮಾಡಿದಾಗ ರಾತ್ರಿ ಹತ್ತು ದಾಟಿತ್ತು. ಮಗನಿಗೆ ಐದು ತುಂಬಿ ಆರು ನಡೆಯುತ್ತಿದೆ. ಶಾಲೆಯ ಟೀಚರು ಡೈರಿಯಲ್ಲಿ ಕೆಂಪು ಶಾಯಿಯಿಂದ ಬರೆದು ಕಳಿಸಿದ್ದರಂತೆ, ಡಾಕ್ಟರಿಗೆ ತೋರಿಸಿ ಎಂದು. ಯಾವ ಡಾಕ್ಟರು, ಯಾಕೆ, ಏನೂ ಇಲ್ಲ. ನಾನು ಗೋಡೆಯ ಫೋಟೊ ಕಳಿಸು ಎಂದೆ. ಬಂತು. ಕನ್ನಡಿ ಮುಂದೆ ಹಿಡಿದರೆ ಅಚ್ಚುಕಟ್ಟಾಗಿ ಓದಬಹುದಾದ ಹೆಸರು. ಒಂದು ಗುಣಿತವೂ ತಪ್ಪಿರಲಿಲ್ಲ. ಆದರೆ ಫೋಟೊದಲ್ಲಿ ನನ್ನ ಕಣ್ಣು ಹೋದದ್ದು ಹೆಸರಿನ ಮೇಲಲ್ಲ, ಅದರ ಪಕ್ಕಕ್ಕೆ. ಹುಡುಗ ಬರೆಯಲು ಶುರು ಮಾಡಿದ್ದು ಬಾಗಿಲ ಚೌಕಟ್ಟಿಗೆ ಅಂಟಿಕೊಂಡು. ಬಲಕ್ಕೆ ಬೆರಳಗಲ ಜಾಗವಿಲ್ಲ, ಎಡಕ್ಕೆ ಇಡೀ ಗೋಡೆ ಖಾಲಿ. ಜಾಗ ಇದ್ದ ಕಡೆ ಕೈ ನಡೆಯಿತು, ಅಕ್ಷರಗಳೂ ಕೈಯ ಜೊತೆ ಹೊರಳಿದವು.

ಇದು ನನ್ನ ಊಹೆಯಲ್ಲ. ಐದಾರು ವರ್ಷದ ಮಕ್ಕಳಿಗೆ ಹಾಳೆಯ ಬಲ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು, ಇಲ್ಲಿಂದ ನಿನ್ನ ಹೆಸರು ಬರಿ ಎಂದರೆ ಎಷ್ಟೋ ಮಕ್ಕಳು ಹಾಗೇ ತಿರುಗಿಸಿ ಬರೆಯುತ್ತಾರೆಂಬುದನ್ನು ಮನಶ್ಶಾಸ್ತ್ರಜ್ಞರು ಪರೀಕ್ಷಿಸಿ ನೋಡಿದ್ದಾರೆ. ಅದೇ ಮಗು ಎಡ ಅಂಚಿನಿಂದ ಶುರು ಮಾಡಿದರೆ ಸರಿಯಾಗಿ ಬರೆಯುತ್ತದೆ. ಅಂದರೆ ಅಕ್ಷರ ಗೊತ್ತು. ಅದು ಯಾವ ದಿಕ್ಕಿಗೆ ಮುಖ ಮಾಡಿರಬೇಕೆಂಬುದು ಮಾತ್ರ ಇನ್ನೂ ಗಟ್ಟಿಯಾಗಿಲ್ಲ.

ತಂಗಿ ಹೇಳಿದ ಪಿಚ್ಚರ್ 2007ರಲ್ಲಿ ಬಂದ ‘ತಾರೇ ಜಮೀನ್ ಪರ್’. ಕಲಿಕೆಯ ತೊಂದರೆ ಎಂಬುದೊಂದಿದೆ, ಅದು ಸೋಮಾರಿತನವೂ ಅಲ್ಲ ದಡ್ಡತನವೂ ಅಲ್ಲ ಎಂಬುದನ್ನು ನಮ್ಮ ಮನೆಮನೆಗೆ ಮುಟ್ಟಿಸಿದ ಸಿನಿಮಾ ಅದು; ಅದರ ಉಪಕಾರ ದೊಡ್ಡದು. ಆದರೆ ಒಂದು ಅಪಕಾರವನ್ನೂ ಮಾಡಿತು. ಅಕ್ಷರ ತಿರುಗಿಸಿ ಬರೆಯುವುದೇ ಡಿಸ್ಲೆಕ್ಸಿಯಾ ಎಂಬ ಓದಿನ ತೊಂದರೆಯ ಗುರುತು ಎಂಬ ಚಿತ್ರ ಜನರ ತಲೆಯಲ್ಲಿ ಕೂತುಬಿಟ್ಟಿತು. ಹೀಗಾಗಿ ಉಲ್ಟಾ ಮೂರು ಬರೆದ ಐದು ವರ್ಷದವನ ತಾಯಿಗೆ ನಿದ್ದೆಯಿಲ್ಲ. ಒಂದಕ್ಷರವನ್ನೂ ತಿರುಗಿಸದೆ, ಒಂದು ಸಾಲನ್ನೂ ಓದಲಾರದೆ ನಾಲ್ಕನೇ ತರಗತಿಗೆ ಬಂದ ಹುಡುಗನ ಮನೆಯಲ್ಲಿ ಎಲ್ಲರಿಗೂ ನಿದ್ದೆ. ಆ ಹುಡುಗನ ಮಾತಿಗೆ ಆಮೇಲೆ ಬರುತ್ತೇನೆ.

ಮಗುವಿನ ಕಡೆಯಿಂದ ಒಮ್ಮೆ ನೋಡೋಣ. ಹುಟ್ಟಿದಾಗಿನಿಂದ ಐದು ವರ್ಷ ಅದು ಕಲಿತದ್ದೇನು? ಮಣ್ಣೆತ್ತಿನ ಅಮವಾಸ್ಯೆಗೆ ತಂದ ಜೋಡೆತ್ತನ್ನು ಜಗುಲಿ ಮೇಲೆ ಆ ಕಡೆ ಮುಖ ಮಾಡಿಟ್ಟರೂ ಎತ್ತೇ, ಈ ಕಡೆ ಮುಖ ಮಾಡಿಟ್ಟರೂ ಎತ್ತೇ. ಚಹಾ ಕಪ್ಪಿನ ಕಿವಿ ಎಡಕ್ಕಿದ್ದರೂ ಕಪ್ಪೇ. ಅವ್ವನ ಮುಖ ಯಾವ ಮಗ್ಗುಲಿಂದ ಕಂಡರೂ ಅವ್ವ. ವಸ್ತು ಎತ್ತ ತಿರುಗಿದ್ದರೂ ಅದನ್ನು ಅದೇ ಎಂದು ಗುರುತಿಸುವ ಈ ಶಕ್ತಿ ಇಲ್ಲದಿದ್ದರೆ ಕಾಡಿನಲ್ಲಿ ನಮ್ಮ ಪೂರ್ವಜರು ಬಲಗಡೆಯಿಂದ ಬಂದ ಹುಲಿಯನ್ನು ನೋಡಿ ಓಡಿ, ಎಡಗಡೆಯಿಂದ ಬಂದ ಹುಲಿಯ ಮುಂದೆ ನಿಂತೇ ಇರುತ್ತಿದ್ದರು. ಇಂಥ ಮಗುವನ್ನು ಜೂನ್ ತಿಂಗಳಲ್ಲಿ ಸಾಲಿಗೆ ಹಾಕಿ, ಒಂದು ಗೆರೆ, ಅದರ ಬುಡಕ್ಕೊಂದು ಹೊಟ್ಟೆ ಬರೆದು, ಹೊಟ್ಟೆ ಬಲಕ್ಕಿದ್ದರೆ ಬಿ, ಎಡಕ್ಕಿದ್ದರೆ ಡಿ ಎನ್ನುತ್ತೇವೆ. ಮಗುವಿನ ಐದು ವರ್ಷದ ಅನುಭವಕ್ಕೆ ಇದು ಶುದ್ಧ ತಲೆಕೆಟ್ಟ ಮಾತು.

ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹಾನ್ ಇದನ್ನೇ ಮಿದುಳಿನ ಲೆಕ್ಕದಲ್ಲಿ ವಿವರಿಸಿದ್ದಾರೆ. ಓದುವುದಕ್ಕೆಂದೇ ಮಿದುಳಿನಲ್ಲಿ ಹುಟ್ಟಿನಿಂದ ಬಂದ ಜಾಗ ಯಾವುದೂ ಇಲ್ಲ. ಬರಹ ಹುಟ್ಟಿ ಐದು ಸಾವಿರ ವರ್ಷ ಚಿಲ್ಲರೆ ಆಗಿದೆ ಅಷ್ಟೆ. ವಸ್ತು, ಮುಖಗಳನ್ನು ಗುರುತಿಸಲು ಇದ್ದ ಎಡ ಮಿದುಳಿನ ಒಂದು ತುಣುಕನ್ನೇ ಓದು ಕಲಿಯುವ ಮಗು ಅಕ್ಷರಕ್ಕಾಗಿ ಬಿಡಿಸಿಕೊಳ್ಳುತ್ತದೆ. ಹಳೆಯ ಬಾಡಿಗೆದಾರನ ಅಭ್ಯಾಸ ಆ ಮನೆಯಲ್ಲಿ ಕೆಲಕಾಲ ಉಳಿಯುತ್ತದಲ್ಲ, ಅದೇ ಉಲ್ಟಾ ಅಕ್ಷರ. ಹೊಸದಾಗಿ ಏನನ್ನೋ ಕಲಿಯುವುದಕ್ಕಿಂತ ಇದ್ದ ಬುದ್ಧಿಯೊಂದನ್ನು ಅಕ್ಷರದ ಮಟ್ಟಿಗೆ ಮರೆಯುವ ಕೆಲಸ ಇದು. ಅದಕ್ಕೆ ಒಂದೆರಡು ವರ್ಷ ಹಿಡಿಯುತ್ತದೆ.

ಇಷ್ಟೇ ಅಲ್ಲ, ಮಕ್ಕಳು ಕಂಡಕಂಡದ್ದನ್ನೆಲ್ಲ ತಿರುಗಿಸುವುದಿಲ್ಲ. ಫ್ರೆಂಚ್ ಮಕ್ಕಳ ಬರಹ ಪರಿಶೀಲಿಸಿದ ಜಾನ್ ಪಾಲ್ ಫಿಷರ್ ಕಂಡುಕೊಂಡದ್ದು, ಹೆಚ್ಚು ಹೊರಳುವವು ಎಡಕ್ಕೆ ಮುಖ ಮಾಡಿದ ಚಿಹ್ನೆಗಳು: ಇಂಗ್ಲಿಷಿನ ದೊಡ್ಡ ಜೆ, ಜೆಡ್, ಅಂಕಿ 3. ದೊಡ್ಡ ಬಿ, ಇ, ಎಫ್, ಕೆ ಎಲ್ಲವೂ ಬಲಕ್ಕೆ ಮುಖ ಮಾಡಿವೆ. ಅದನ್ನು ನೋಡಿ ನೋಡಿ ಮಗು ತನ್ನಷ್ಟಕ್ಕೆ ಒಂದು ನಿಯಮ ಮಾಡಿಕೊಳ್ಳುತ್ತದೆ, ಅಕ್ಷರ ಅಂದರೆ ಬಲಕ್ಕೆ ಮುಖ ಎಂದು. ಆ ನಿಯಮವನ್ನು ಮೂರರ ಮೇಲೂ ಹೇರುತ್ತದೆ. ನನ್ನ ಅಳಿಯ ಮಾಡಿದ್ದೂ ಅದೇ. ತಪ್ಪಿನಲ್ಲೂ ತರ್ಕವಿತ್ತು. ಡೈರಿಯಲ್ಲಿ ಕೆಂಪು ಶಾಯಿಯ ಬದಲು ಶಾಭಾಸ್ ಅಂತ ಬರೆದಿದ್ದರೂ ತಪ್ಪಿರಲಿಲ್ಲ.

ಇನ್ನು ನಮ್ಮ ಸೀಮೆಯ ವಿಷಯ. ಬಸವಕಲ್ಯಾಣದ ಪೇಟೆಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ಅಂಗಡಿ ಬೋರ್ಡಿನಲ್ಲಿ ಕನ್ನಡ, ಅದರ ಕೆಳಗೆ ಇಂಗ್ಲಿಷ್, ಮಗ್ಗುಲಿಗೆ ಉರ್ದು. ಮಹಾರಾಷ್ಟ್ರದ ಗಡಿ ಹತ್ತಿರವಾದ್ದರಿಂದ ಅಲ್ಲಲ್ಲಿ ಮರಾಠಿ. ನಮ್ಮ ಬೀದರ್ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ಉರ್ದು ಮೂರೂ ಮಾಧ್ಯಮದ ಸರಕಾರಿ ಸಾಲಿಗಳಿವೆ. 1948ರವರೆಗೆ ನಿಜಾಮನ ಆಡಳಿತ, ಕಚೇರಿಯ ಭಾಷೆ ಉರ್ದು. ನಮ್ಮ ಅಜ್ಜನ ಹೊಲದ ಹಳೆಯ ಕಾಗದ ಬಲದಿಂದ ಎಡಕ್ಕೆ ಓದಬೇಕು, ಈಗಿನ ಪಹಣಿ ಎಡದಿಂದ ಬಲಕ್ಕೆ. ಬಸವಕಲ್ಯಾಣದ ಬಳಿಯ ಲಾಡವಂತಿಯಲ್ಲಿ 1817ರಲ್ಲಿ ಹುಟ್ಟಿ, ಹುಮನಾಬಾದಿನ ಮಗ್ಗುಲಲ್ಲಿ ಮಾಣಿಕನಗರ ಕಟ್ಟಿದ ಮಾಣಿಕಪ್ರಭುಗಳು ಮರಾಠಿ, ಕನ್ನಡ, ಉರ್ದು ಎಲ್ಲದರಲ್ಲೂ ಪದ ಕಟ್ಟಿದವರು. ಎರಡು ದಿಕ್ಕಿನ ಬರಹ ಇಲ್ಲಿನವರಿಗೆ ಹೊಸದಲ್ಲ.

ಹಾಗಾದರೆ ಉರ್ದು ಮಾಧ್ಯಮದ ಮಗುವಿಗೆ ಗೊಂದಲ ಇನ್ನೂ ಜಾಸ್ತಿಯೇ? ಬಲದಿಂದ ಎಡಕ್ಕೆ ಬರೆಯುವ ಭಾಷೆ ಕಲಿತರೆ ಕನ್ನಡ ಕೆಡುತ್ತದೆ ಎಂದು ಹೇಳುವವರು ಇದ್ದಾರೆ. ತಂಗಿಯ ಮನೆಯ ಹಿಂದಿನ ಓಣಿಯ ಹುಡುಗಿಯೊಬ್ಬಳ ರಫ್ ನೋಟುಬುಕ್ಕು ನೋಡಿದ್ದೇನೆ. ಒಂದು ರಟ್ಟಿನಿಂದ ಉರ್ದು ಶುರು, ಇನ್ನೊಂದು ರಟ್ಟಿನಿಂದ ಕನ್ನಡ ಶುರು, ಎರಡೂ ನಡುವಿನ ಪಿನ್ನಿನ ಕಡೆ ಬರುತ್ತಿದ್ದವು. ಉರ್ದು ಬರೆಯುವಾಗಲೂ ಅಂಕಿಗಳನ್ನು ಎಡದಿಂದ ಬಲಕ್ಕೇ ಬರೆಯಬೇಕು, ಅದನ್ನೂ ಅವಳು ಬರೆದಿದ್ದಳು. ಪುಸ್ತಕ ಎತ್ತ ತೆರೆಯುತ್ತದೆ ಎಂಬುದೇ ಅವಳಿಗೆ ದಿಕ್ಸೂಚಿ. ಶುರುವಿನಲ್ಲಿ ಒಂದೆರಡು ಅಕ್ಷರ ಅತ್ತಿತ್ತ ಆಗಬಹುದು. ಕಲಿಕೆಯ ತೊಂದರೆಯನ್ನು ಹುಟ್ಟಿಸುವ ಶಕ್ತಿ ಲಿಪಿಯ ದಿಕ್ಕಿಗಿಲ್ಲ.

ಈಗ ನನಗೆ ಬಹಳ ಕುತೂಹಲದ್ದೆನಿಸುವ ಸಂಗತಿ. ಕನ್ನಡ ವರ್ಣಮಾಲೆಯಲ್ಲಿ ಕನ್ನಡಿ ಹಿಡಿದರೆ ಇನ್ನೊಂದು ಅಕ್ಷರವೇ ಆಗಿಬಿಡುವ ಜೋಡಿ ಇಲ್ಲ. ಬಿ-ಡಿ, ಪಿ-ಕ್ಯೂ ಥರದ್ದು ಹುಡುಕಿ ನೋಡಿ, ಸಿಗುವುದಿಲ್ಲ. ನಮ್ಮ ಮಕ್ಕಳು ಗೊಂದಲಪಡುವುದು ದ-ಧ-ಥ, ಪ-ಷ, ಬ-ಭ, ರ-ಠ, ಎ-ಏ. ಇವುಗಳ ನಡುವಿನ ಅಂತರ ದಿಕ್ಕಿನದ್ದಲ್ಲ. ಹೊಟ್ಟೆ ಸೀಳಿದ ಒಂದು ಗೀಟು, ಒಳಗಿನ ಚುಕ್ಕೆ, ತಲೆಯ ಮೇಲಿನ ಕೊಂಡಿ. ಮಗು ಗ ಅನ್ನೋ ಸ ಅನ್ನೋ ತಿರುಗಿಸಿ ಬರೆದರೂ ನೋಡಿದವರು ಗ ಎಂದೇ ಸ ಎಂದೇ ಓದುತ್ತಾರೆ, ಅರ್ಥ ಕೆಡುವುದಿಲ್ಲ.

ತಮಿಳಿನದ್ದೂ ಇದೇ ಕಥೆ. ಎರಿಕ್ ಪೆಡರ್ಸನ್ ಎಂಬ ಭಾಷಾವಿಜ್ಞಾನಿ ತಮಿಳುನಾಡಿನಲ್ಲಿ ಅಕ್ಷರ ಬಾರದವರು, ತಮಿಳಷ್ಟೇ ಓದಬಲ್ಲವರು, ತಮಿಳಿನ ಜೊತೆ ಇಂಗ್ಲಿಷ್ ಲಿಪಿಯೂ ಬಲ್ಲವರು ಹೀಗೆ ಮೂರು ಗುಂಪಿನ ದೊಡ್ಡವರಿಗೆ ಗೆರೆಚಿತ್ರಗಳನ್ನೂ ಅವುಗಳ ಪ್ರತಿಬಿಂಬಗಳನ್ನೂ ತೋರಿಸಿ ಪರೀಕ್ಷೆ ಮಾಡಿ 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಂಗ್ಲಿಷ್ ಲಿಪಿ ಬಲ್ಲವರು ಪ್ರತಿಬಿಂಬವನ್ನು ಬೇರೆ ಎಂದು ಥಟ್ಟನೆ ಗುರುತಿಸಿದರು. ತಮಿಳು ಮಾತ್ರ ಓದಬಲ್ಲವರು ಈ ವಿಷಯದಲ್ಲಿ ಅಕ್ಷರ ಬಾರದವರಂತೆಯೇ ಇದ್ದರು. ಅವರು ಓದುವವರಲ್ಲವೆಂದಲ್ಲ, ಅವರ ಲಿಪಿ ಅವರ ಕಣ್ಣಿಗೆ ಆ ವ್ಯತ್ಯಾಸವನ್ನು ಕೇಳಿರಲೇ ಇಲ್ಲ. ಇದನ್ನು ಓದಿದ ಮೇಲೆ ನನಗೆ ಹುಮನಾಬಾದಿನ ಕಾನ್ವೆಂಟುಗಳ ಮಕ್ಕಳು ಬೇರೆಯೇ ಥರ ಕಾಣತೊಡಗಿದರು. ಅಂಗನವಾಡಿಯಲ್ಲಿ ಅ ಆ ಇ ಈ ಕಲಿತ ಮಗು ಎಲ್‌ಕೆಜಿಗೆ ಕಾಲಿಟ್ಟು ಸಣ್ಣ ಬಿ-ಡಿ ಎದುರಾದಾಗ, ದಿಕ್ಕೊಂದರಿಂದಲೇ ಅಕ್ಷರ ಬದಲಾಗುವುದನ್ನು ಜೀವನದಲ್ಲಿ ಮೊದಲ ಸಲ ಕಾಣುತ್ತಿರುತ್ತದೆ. ಮುಗ್ಗರಿಸದಿದ್ದರೇ ಅಚ್ಚರಿ.

ನಮ್ಮ ಸರಕಾರಿ ಸಾಲಿಗಳ ನಲಿ-ಕಲಿ ತರಗತಿಗಳಲ್ಲಿ ಅ ಆ ಇ ಈ ಸಾಲಿನಿಂದ ಆರಂಭಿಸದೆ ರ, ಗ, ಸ, ದ, ಅ ಎಂದು ಆಕಾರ ಹೋಲುವ, ಬರೆಯಲು ಸುಲಭವಾದ ಅಕ್ಷರಗಳಿಂದ ಶುರು ಮಾಡುತ್ತಾರೆ. ಅದನ್ನು ನೋಡಿ ನಮ್ಮ ಆಯಿ ‘ಇದ್ಯಾತರ ಸಾಲಿ, ಅಕ್ಷರಾನೂ ಉಲ್ಟಾ ಪಲ್ಟಾ’ ಅಂದಿದ್ದಳು. ಅದರ ಹಿಂದೆ ಕೈಯ ಚಲನೆಯ ಲೆಕ್ಕವಿದೆ: ಒಂದು ಸುತ್ತು, ಒಂದು ತಲೆಕಟ್ಟು ರೂಢಿಯಾದರೆ ಐದು ಅಕ್ಷರ ಒಟ್ಟಿಗೆ ಬರುತ್ತವೆ. ದಿಕ್ಕನ್ನು ಕಣ್ಣಿಗಿಂತ ಕೈ ಬೇಗ ನೆನಪಿಟ್ಟುಕೊಳ್ಳುತ್ತದೆ. ರೊಟ್ಟಿ ಬಡಿಯುವಾಗ ಪರಾತದಲ್ಲಿ ಉಳಿದ ಜೋಳದ ಹಿಟ್ಟಿನ ಮೇಲೆ ಬೆರಳಿನಿಂದ ದೊಡ್ಡದಾಗಿ 3 ಬರೆಸುವುದು ಪೆನ್ಸಿಲಿನಲ್ಲಿ ನೂರು ಸಲ ತಿದ್ದಿಸುವುದಕ್ಕಿಂತ ಮೇಲು ಎಂದು ತಂಗಿಗೆ ಹೇಳಿದೆ. ಬಿ ಪಕ್ಕಾ ಆಗುವವರೆಗೆ ಡಿ ಸುದ್ದಿ ಎತ್ತಬೇಡ, ಎರಡನ್ನೂ ಒಟ್ಟಿಗೆ ತೋರಿಸಿ ‘ಇದು ಯಾವುದು, ಅದು ಯಾವುದು’ ಎಂದು ಕಾಡಬೇಡ ಎಂದೂ ಹೇಳಿದೆ. ಅಳಿಯ ಎಡಚ, ನಿಜ. ಆದರೆ ಎಡಗೈಯವರಷ್ಟೇ ತಿರುಗಿಸುತ್ತಾರೆಂಬುದು ಸುಳ್ಳು. ಬಲಗೈಯ ಮಕ್ಕಳೂ ಇದನ್ನು ಮಾಡುತ್ತಾರೆ. ಲಿಯೊನಾರ್ಡೊ ಡಾ ವಿಂಚಿ ಎಡಗೈಯಲ್ಲಿ ಪುಟಗಟ್ಟಲೆ ಕನ್ನಡಿ ಬರಹ ಬರೆದದ್ದು ನಿಜ. ಅದನ್ನು ಹೇಳಿ ತಾಯಂದಿರನ್ನು ಸಮಾಧಾನಪಡಿಸುವವರ ಬಗ್ಗೆ ಮಾತ್ರ ನನಗೆ ಅಷ್ಟು ಗೌರವವಿಲ್ಲ. ಉಲ್ಟಾ ಮೂರು ರೋಗವೂ ಅಲ್ಲ, ಪ್ರತಿಭೆಯೂ ಅಲ್ಲ.

ಡಿಸ್ಲೆಕ್ಸಿಯಾಕ್ಕೂ ಹೊರಳಕ್ಷರಕ್ಕೂ ಗಂಟು ಬಿದ್ದದ್ದು ಸಿನಿಮಾಕ್ಕೆ ಎಂಬತ್ತು ವರ್ಷ ಮೊದಲು. ಅಮೆರಿಕದ ಅಯೋವಾದ ಮನೋವೈದ್ಯ ಸ್ಯಾಮ್ಯುಯೆಲ್ ಆರ್ಟನ್ 1925ರಲ್ಲಿ, ಮಿದುಳಿನ ಎರಡು ಭಾಗಗಳಲ್ಲಿ ಅಕ್ಷರದ ನೇರ ರೂಪ, ತಿರುಗಿದ ರೂಪ ಎರಡೂ ಕೂತಿರುತ್ತವೆ, ಒಂದು ಭಾಗ ಮೇಲುಗೈ ಪಡೆಯದಿದ್ದರೆ ಮಗು ಓದಲಾರದು ಎಂದು ವಾದಿಸಿದ. ಕೇಳಲು ಚೆಂದದ ವಾದ, ಬಹಳ ಕಾಲ ನಡೆಯಿತು. 1971ರಲ್ಲಿ ಇಸಬೆಲ್ ಲಿಬರ್ಮನ್ ಮತ್ತು ಸಂಗಡಿಗರು ಓದಿನಲ್ಲಿ ಹಿಂದುಳಿದ ಎರಡನೇ ತರಗತಿಯ ಮಕ್ಕಳ ತಪ್ಪುಗಳನ್ನು ಕೂತು ಎಣಿಸಿದರು. ಅಕ್ಷರ ಹೊರಳಿದ್ದು, ಅಕ್ಷರಗಳ ಕ್ರಮ ಹೊರಳಿದ್ದು ಎರಡೂ ಸೇರಿ ಕಾಲು ಭಾಗ ಮಾತ್ರ. ಉಳಿದದ್ದೆಲ್ಲ ಬೇರೆ ತಪ್ಪು, ಅದರಲ್ಲೂ ಸ್ವರಗಳದ್ದು. ತೊಂದರೆಯ ಬೇರು ಕಣ್ಣಿನಲ್ಲಿಲ್ಲ; ಆಡಿದ ಮಾತನ್ನು ಸದ್ದುಗಳಾಗಿ ಬಿಡಿಸುವಲ್ಲಿ, ಆ ಸದ್ದಿಗೂ ಅಕ್ಷರಕ್ಕೂ ಬೆಸುಗೆ ಹಾಕುವಲ್ಲಿ ಇದೆ ಎಂಬುದು ಅಲ್ಲಿಂದೀಚೆಗೆ ಗಟ್ಟಿಯಾಗುತ್ತ ಬಂತು.

1896ರಲ್ಲಿ ಇಂಗ್ಲೆಂಡಿನ ಡಾಕ್ಟರ್ ಪ್ರಿಂಗಲ್ ಮಾರ್ಗನ್ ವೈದ್ಯ ಪತ್ರಿಕೆಯಲ್ಲಿ ವರ್ಣಿಸಿದ ಹದಿನಾಲ್ಕು ವರ್ಷದ ಹುಡುಗ ಈ ವಿಷಯದ ಚರಿತ್ರೆಯಲ್ಲಿ ಮೊದಲಿಗ ಎನ್ನಬಹುದು. ಚುರುಕು ಹುಡುಗ, ಲೆಕ್ಕ ಬರುತ್ತಿತ್ತು, ಓದು ಬರುತ್ತಿರಲಿಲ್ಲ. ಹೆಸರು ಪರ್ಸಿ. ತನ್ನ ಹೆಸರನ್ನೇ ಪ್ರೆಸಿ ಎಂದು ಬರೆದಿದ್ದ. ಯಾವ ಅಕ್ಷರವೂ ಉಲ್ಟಾ ಆಗಿರಲಿಲ್ಲ, ಸದ್ದಿನ ಜಾಗ ಅದಲುಬದಲಾಗಿತ್ತು. ಕನ್ನಡದ ಮೇಷ್ಟ್ರಿಗೆ ಈ ತಪ್ಪು ಚಿರಪರಿಚಿತ, ಅರ್ಕಾವೊತ್ತಿನ ತಪ್ಪು ಇದು. ‘ಸೂರ್ಯ’ ಎನ್ನುವಾಗ ರ್ ಮೊದಲು ನುಡಿಯುತ್ತೇವೆ, ಯ ಆಮೇಲೆ. ಬರೆಯುವಾಗ ಯ ಮೊದಲು, ರ್ ಆಮೇಲೆ. ಹಾಗಾಗಿ ಮಕ್ಕಳು ‘ಸೂಯರ’ ಎಂದು ಓದುತ್ತಾರೆ. ನಮ್ಮ ಲಿಪಿಯೊಳಗೇ ಕೂತ ಉಲ್ಟಾ ಇದು, ರಾಜ್ಯದ ಹೆಸರಿನಲ್ಲೇ ಇದೆ. ಮರಾಠಿ ಸಾಲಿಯ ಮಗುವಿಗೂ ಇಂಥದ್ದೊಂದಿದೆ. ಅಲ್ಲಿ ಹ್ರಸ್ವ ಇಕಾರದ ಗೀಟು ವ್ಯಂಜನಕ್ಕಿಂತ ಮುಂಚೆ ಬರುತ್ತದೆ, ನುಡಿಯುವುದು ನಂತರ. ಉರ್ದುವಿನ ಬೇ, ಪೇ, ತೇ, ಸೇ ಒಂದೇ ದೋಣಿ, ಚುಕ್ಕೆಯ ಲೆಕ್ಕ ಬೇರೆ. ಒಂದೊಂದು ಲಿಪಿಗೂ ಎಡವಲು ಒಂದೊಂದು ಜಾಗ. ಇಂಗ್ಲಿಷಿನ ಎಡವುಗಲ್ಲನ್ನು ಕನ್ನಡದ ದಾರಿಯಲ್ಲಿ ಹುಡುಕುತ್ತ ಕೂತರೆ ಕನ್ನಡದ ಮಗು ಎಲ್ಲಿ ಬಿದ್ದಿದೆ ಎಂಬುದು ಕಾಣುವುದೇ ಇಲ್ಲ.

ಕನ್ನಡದ ಮಕ್ಕಳ ಓದನ್ನು ಹತ್ತಿರದಿಂದ ನೋಡಿದವರಲ್ಲಿ ಬೆಂಗಳೂರಿನ ಸೊನಾಲಿ ನಾಗ್ ಮುಖ್ಯರು. ಅವರ 2007ರ ಅಧ್ಯಯನದ ತಿರುಳು ಸರಳ: ಇಂಗ್ಲಿಷಿನ 26 ಅಕ್ಷರ ಗುರುತಿಸುವುದು ಹೆಚ್ಚೆಂದರೆ ಒಂದೆರಡು ವರ್ಷದ ಕೆಲಸ; ಗುಣಿತ, ಒತ್ತು ಸೇರಿ ನಾನೂರು ಮಿಕ್ಕುವ ಕನ್ನಡದ ಚಿಹ್ನೆಗಳನ್ನು ಮಕ್ಕಳು ನಾಲ್ಕನೇ ತರಗತಿಯಲ್ಲೂ ಕಲಿಯುತ್ತಲೇ ಇರುತ್ತಾರೆ. ಆದ್ದರಿಂದ ಒಂದನೇ ತರಗತಿಯವನು ಒತ್ತಕ್ಷರಕ್ಕೆ ತಡವರಿಸಿದರೆ ಅದು ಲಿಪಿಯ ಭಾರ. ಮೂರನೇ ತರಗತಿ ಮುಗಿಯುವಾಗಲೂ ಕಾಗುಣಿತವೇ ಕೈಗೆ ಸಿಗುತ್ತಿಲ್ಲ, ನಿನ್ನೆ ಬಂದ ಅಕ್ಷರ ಇವತ್ತಿಲ್ಲ, ‘ಕಮಲ’ ಎಂಬುದನ್ನು ಕ, ಮ, ಲ ಎಂದು ಹೇಳಿ ಕೂಡಿಸಲು ಬರುತ್ತಿಲ್ಲ ಎಂದರೆ ಅದು ಬೇರೆ.

ಹಾಗಾದರೆ ಯಾವಾಗ ಚಿಂತೆ ಮಾಡಬೇಕು? ಐದರಿಂದ ಏಳರವರೆಗೆ ತಿರುಗಿದ ಅಕ್ಷರ, ಅಂಕಿ ಕಂಡರೆ ನಕ್ಕು ಸುಮ್ಮನಿರಬಹುದು. ಎಂಟು ತುಂಬಿದ ಮೇಲೂ ಅದು ಹಾಗೇ ಇದ್ದರೆ, ಅದರ ಜೊತೆಗೆ ಇನ್ನೇನಿದೆ ನೋಡಬೇಕು. ಮಾತು ತಡವಾಗಿ ಬಂದಿತ್ತೇ? ಮನೆಯಲ್ಲಿ ಅಪ್ಪನಿಗೋ ಸೋದರಮಾವನಿಗೋ ಓದಿನ ತೊಂದರೆ ಇತ್ತೇ? ಅಂತ್ಯಾಕ್ಷರಿ ಆಡುವಾಗ ಕೊನೆಯ ಅಕ್ಷರ ಹಿಡಿಯಲು ಆಗುತ್ತಿಲ್ಲವೇ? ನಮ್ಮ ಕಡೆ ಹುಡುಗರು ಪ್ರತಿ ಅಕ್ಷರಕ್ಕೊಂದು ‘ಕ’ ಸೇರಿಸಿ ಗುಟ್ಟಿನ ‘ಕ-ಭಾಷೆ’ ಆಡುತ್ತಾರಲ್ಲ, ಓರಗೆಯವರೆಲ್ಲ ಪಟಪಟ ಆಡುವಾಗ ಇವನೊಬ್ಬನಿಗೆ ಅದು ಒಗ್ಗುತ್ತಿಲ್ಲವೇ? ಕಾಸು ಖರ್ಚಿಲ್ಲದ ಇಷ್ಟು ಒಳ್ಳೆಯ ಸುಳಿವು ಬೇರೆಲ್ಲೂ ಸಿಗುವುದಿಲ್ಲ. ಸೋಮವಾರ ಬೆಳಿಗ್ಗೆಯೇ ಹೊಟ್ಟೆನೋವು ಬರುತ್ತದೆಯೇ ಎಂಬುದನ್ನೂ ಗಮನಿಸಿ. ಕಣ್ಣು, ಕಿವಿ ಮೊದಲು ಪರೀಕ್ಷೆಯಾಗಲಿ. ದಪ್ಪ ಕನ್ನಡಕದಿಂದ ಮುಗಿಯುವ ಕಥೆಯೂ ಇರುತ್ತದೆ. ಇವೆಲ್ಲಕ್ಕಿಂತ ಬೇರೆಯಾದ ಒಂದು ಸಂದರ್ಭವಿದೆ: ಇಲ್ಲಿವರೆಗೆ ಸರಿಯಾಗಿ ಬರೆಯುತ್ತಿದ್ದ ಮಗು ತಲೆಗೆ ಪೆಟ್ಟು ಬಿದ್ದ ಮೇಲೋ, ಫಿಟ್ಸ್ ಬಂದ ಮೇಲೋ, ಜೋರು ಜ್ವರದ ನಂತರವೋ ಇದ್ದಕ್ಕಿದ್ದಂತೆ ತಿರುಗಿಸಿ ಬರೆಯತೊಡಗಿದರೆ ಕಾಯಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ.

2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಪಟ್ಟಿ ಮಾಡಿದ 21 ನ್ಯೂನತೆಗಳಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಒಂದು. ಮೂರನೇ ತರಗತಿ ಅಥವಾ ಎಂಟು ವರ್ಷ, ಯಾವುದು ಮೊದಲೋ ಆಗ ಶಾಲೆಯಲ್ಲೇ ಶಿಕ್ಷಕರು ಮಕ್ಕಳನ್ನು ಪ್ರಾಥಮಿಕವಾಗಿ ಪರೀಕ್ಷಿಸಬೇಕು, ಎಂಟಕ್ಕಿಂತ ಮೊದಲು ಪ್ರಮಾಣಪತ್ರ ಕೊಡಬಾರದು ಎಂದು 2018ರ ಜನವರಿಯಲ್ಲಿ ಬಂದ ಕೇಂದ್ರದ ಮಾರ್ಗಸೂಚಿ ಹೇಳಿತು. ಎಂಟು ಎಂಬ ಗಡಿ ಸುಮ್ಮನೆ ಇಟ್ಟದ್ದಲ್ಲ. ಹಳೆಯ ಬಾಡಿಗೆದಾರ ಮನೆ ಖಾಲಿ ಮಾಡಲು ಬೇಕಾದ ಸಮಯ ಅದು. ಐದು ವರ್ಷದವನಿಗೆ ಡಿಸ್ಲೆಕ್ಸಿಯಾ ಎಂದು ಚೀಟಿ ಬರೆದು ತಿಂಗಳಿಗಿಷ್ಟು ಎಂದು ಥೆರಪಿ ಶುರು ಮಾಡುವವರನ್ನು ಕಂಡರೆ ಎದ್ದು ಬನ್ನಿ. ತೋರಿಸಲೇಬೇಕಾದರೆ, ಶಿಕ್ಷಣ ಇಲಾಖೆಯ ಸಂಪನ್ಮೂಲ ಕೇಂದ್ರವಾದ ಬಿಆರ್‌ಸಿಯಲ್ಲಿ ಬಿಐಇಆರ್‌ಟಿ ಎಂದು ಕರೆಯುವ ವಿಶೇಷ ಶಿಕ್ಷಕರ ಹುದ್ದೆ ಇದೆ. 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಅಂಗನವಾಡಿ, ಸರಕಾರಿ ಸಾಲಿಗಳಿಗೆ ಬಂದಾಗ ನೋಡಬೇಕಾದ ಪಟ್ಟಿಯಲ್ಲಿ ಕಲಿಕೆಯ ತೊಂದರೆಯೂ ಇದೆ. ಅವರು ಹಲ್ಲು, ರಕ್ತಹೀನತೆ ನೋಡಿ ಹೊರಟರೆ ನೀವೇ ನಿಲ್ಲಿಸಿ ಕೇಳಬೇಕು. ಮುಂದಕ್ಕೆ ಬೀದರಿನ ಬ್ರಿಮ್ಸ್ ಆಸ್ಪತ್ರೆ, ಅಗತ್ಯಬಿದ್ದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್. ಬೀದರಿನಿಂದ ಇವೆರಡೂ ಎಷ್ಟು ದೂರ ಎಂಬುದು ನಕ್ಷೆ ನೋಡಿದವರಿಗೆಲ್ಲ ಗೊತ್ತು. ಮನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ 2015ರಲ್ಲಿ ಹೊರತಂದ ‘ದಾಲಿ’ ಪರೀಕ್ಷೆ ಕನ್ನಡದಲ್ಲೂ ಮರಾಠಿಯಲ್ಲೂ ಇರುವುದು ನಮ್ಮ ಜಿಲ್ಲೆಗೆ ಉಪಯೋಗದ ಸಂಗತಿ. ಮಗು ಯಾವ ಭಾಷೆಯಲ್ಲಿ ಕಲಿಯುತ್ತಿದೆಯೋ ಆ ಭಾಷೆಯಲ್ಲೇ ಪರೀಕ್ಷೆ ಕೇಳಿ. ಕನ್ನಡ ಸಾಲಿಯ ಹುಡುಗನಿಗೆ ಇಂಗ್ಲಿಷ್ ಪದ ಓದಿಸಿ ಫೇಲು ಮಾಡುವುದು ಯಾರಿಗೂ ಕಷ್ಟವಲ್ಲ.

ಆರು ತಿಂಗಳ ಮೇಲೆ, ವೀರಭದ್ರೇಶ್ವರ ಜಾತ್ರೆಗೆಂದು ಹುಮನಾಬಾದಿಗೆ ಹೋಗಿದ್ದೆ. ಅಳಿಯನ ಮೂರು ನೆಟ್ಟಗಾಗಿತ್ತು. ಏಳು ಮಾತ್ರ ಆಗೊಮ್ಮೆ ಈಗೊಮ್ಮೆ ಮಗ್ಗುಲು ಬದಲಿಸುತ್ತಿತ್ತು. ಗೋಡೆಯ ಮೇಲಿನ ಇದ್ದಿಲ ಹೆಸರನ್ನು ತಂಗಿ ಸುಣ್ಣ ಬಳಿಸದೆ ಹಾಗೇ ಉಳಿಸಿಕೊಂಡಿದ್ದಳು.

ಪಕ್ಕದ ಮನೆಯ ಹುಡುಗ ಬಂದ. ನಾಲ್ಕನೇ ತರಗತಿ, ಆಟೊ ಓಡಿಸುವವರ ಮಗ. ತಂಗಿ ಅವನ ಕಾಪಿ ತೋರಿಸಿ, ‘ನೋಡಣ್ಣ, ಅಕ್ಷರ ಅಂದ್ರ ಹಿಂಗಿರಬೇಕು’ ಎಂದಳು. ನಿಜಕ್ಕೂ ಮುತ್ತು ಪೋಣಿಸಿದ ಹಾಗೆ. ಗೆರೆ ದಾಟದ ಸಾಲು, ಪುಟಕ್ಕೆ ಪುಟ ಟೀಚರ ಟಿಕ್ಕು. ಬೋರ್ಡ್ ಮೇಲಿನದ್ದನ್ನು ಚಾಚೂ ತಪ್ಪದೆ ಇಳಿಸಿಕೊಂಡಿದ್ದ. ಇದನ್ನೊಮ್ಮೆ ಓದಪ್ಪ ಎಂದೆ. ಅವನು ಕಾಪಿ ನೋಡಲಿಲ್ಲ, ನನ್ನ ಮುಖ ನೋಡಿದ. ಮೊದಲ ಪದದ ಮೇಲೆ ಬೆರಳಿಟ್ಟೆ. ‘ಮ’ ಅಂದ, ತಡೆದ, ಆಮೇಲೆ ಪಾಠದ ಹೆಸರನ್ನು ಬಾಯಿಪಾಠದಿಂದ ಒಪ್ಪಿಸಿದ. ನನ್ನ ಬೆರಳಿದ್ದ ಪದ ಅದಾಗಿರಲಿಲ್ಲ.

ಸಂಜೆ ಅವರಪ್ಪ ಸಿಕ್ಕಾಗ ಬೇಜಾರಾಗದಂತೆ ಮಾತು ತೆಗೆದೆ. ಬಿಆರ್‌ಸಿಯಲ್ಲಿ ಒಮ್ಮೆ ತೋರಿಸಿ, ಓದಿನದ್ದು ಸ್ವಲ್ಪ ಪರೀಕ್ಷೆ ಮಾಡಿಸಬೇಕು ಅಂದೆ. ಅವರು ಆಟೊದ ಹ್ಯಾಂಡಲ್ ಮೇಲೆ ಕೈಯಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದರು.

‘ಅಲ್ರೀ ಸರ, ನಿಮ್ಮ ತಂಗಿ ಮಗನ್ ಹಂಗ ಇವ ಉಲ್ಟಾ ಬರಿಯಂಗಿಲ್ಲಲ್ರೀ?’